ದವಾಖಾನೆಯಲ್ಲಿ ನಾನು ಹೊಡೆದ ಗೊರಕೆ

ಸಹನಾ, ಸಮರ್ಥ, ಇಬ್ಬರೂ ಕೇಳಿ. ನಿಮ್ಮ ಅಜ್ಜಿ ಕೊಪ್ಪಳದ ದವಾಖಾನೆಯಲ್ಲಿ ಕುರ್ಚಿಯ ಮೇಲೆ ಕೂತು, ಹತ್ತು ಮಂದಿಯ ಎದುರಿಗೆ ಬಾಯಿ ತೆರೆದು ಗೊರಕೆ ಹೊಡೆದದ್ದು ನಿಜ. ಆದರೆ ಮನೆಗೆ ಬಂದ ಬೀಗರ ಮುಂದೆಲ್ಲ ನೀವು ಹೇಳುವಂತೆ ಕಿಟಕಿಯ ಗಾಜು ನಡುಗಲಿಲ್ಲ, ನರ್ಸಿನ ಕೈಯಿಂದ ಸೂಜಿ ಬೀಳಲಿಲ್ಲ. ನೀವು ಅಂದು ಅಲ್ಲಿ ಇರಲೇ ಇಲ್ಲ. ನಿಮ್ಮಪ್ಪ ನಿಮ್ಮವ್ವನಿಗೆ ಹೇಳಿದ, ನಿಮ್ಮವ್ವ ನಿಮಗೆ ಹೇಳಿದಳು, ನೀವು ಅದಕ್ಕೆ ಕೈಕಾಲು ಮೂಡಿಸಿದಿರಿ. ಇನ್ನು ಅದಕ್ಕೆ ರೆಕ್ಕೆ ಬರುವ ಮೊದಲು ನಡೆದದ್ದನ್ನು ನಡೆದ ಹಾಗೆ ಬರೆದಿಡೋಣ ಎಂದು ಸಮರ್ಥನ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳನ್ನು ಹರಿದುಕೊಂಡು ಕೂತಿದ್ದೇನೆ.

ನಾನೆಂಥ ನಾಚಿಕೆಯವಳು ಎಂದು ನಿಮಗೆ ಪೂರ್ತಿ ಗೊತ್ತಿಲ್ಲ. ನಾನು ಓದಿದ್ದು ಮಂಗಳೂರಿನಲ್ಲಿ. ಕಡಲಿನ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಅಲ್ಲಿ ಏಳನೆಯ ತರಗತಿಯವರೆಗೆ ಶಾಲೆ ಕಲಿತೆ. ಮಾಸ್ತರರು ಹಾಜರಿ ಕೂಗಿದಾಗ ಬಾಯಿಬಿಟ್ಟು 'ಹಾಜರ್' ಎನ್ನಲು ನಾಚಿ ಕೈ ಮಾತ್ರ ಎತ್ತುತ್ತಿದ್ದೆ. ಅವರು ಪುಸ್ತಕದಿಂದ ತಲೆ ಎತ್ತುವವರಲ್ಲ. ಹೀಗಾಗಿ ದಿನವೂ ಶಾಲೆಗೆ ಹೋಗಿಯೂ ಗೈರುಹಾಜರಿ ಬಿದ್ದ ಹುಡುಗಿ ನಾನು. ಅಪ್ಪನನ್ನು ಕರೆಸಿ ಕೇಳಿದಾಗ ಅವನು, "ಮಾಸ್ತರ್ರ, ಆಕಿ ಮುಂದಿನ ಸಾಲಿನ್ಯಾಗ ಕುಂತಾಳ ನೋಡ್ರಿ" ಎಂದು ಬೆರಳು ಮಾಡಿ ತೋರಿಸಬೇಕಾಯಿತು. ಇಂಥವಳು ಅಷ್ಟು ಮಂದಿಯ ನಡುವೆ ಗೊರಕೆ ಹೊಡೆದಳೆಂದರೆ ಅದಕ್ಕೊಂದು ಕಾರಣ ಇರಬೇಕಲ್ಲವೇ?

ಕಾರಣ ನಿದ್ದೆ. ಮೊದಲು ನನ್ನ ನಿದ್ದೆಯ ಮಾತು ಹೇಳುತ್ತೇನೆ. ಅದು ನನ್ನ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದೂರದ ಸಂಬಂಧಿಯ ಹಾಗೆ ಬಂದು, ಬಾಗಿಲಲ್ಲೇ ನಿಂತು, "ಇನ್ನೊಮ್ಮೆ ಬರ್ತೀನಿ" ಎಂದು ಹೋಗಿಬಿಡುತ್ತದೆ. ರಾತ್ರಿ ಬಾರದ ನಿದ್ದೆ ಹಗಲು ಕೆಲಸದ ನಡುವೆ ಕಾಡುತ್ತದೆ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತೇನೆ. ಹಣೆಯ ಮೇಲೆ ಏರಿಸಿಕೊಂಡ ಕನ್ನಡಕವನ್ನು ಹಿತ್ತಿಲವರೆಗೂ ಹೋಗಿ ಹುಡುಕುತ್ತೇನೆ. ಸಹನಾಳನ್ನು ಕರೆಯಬೇಕಾದರೆ ನನ್ನ ಮೂರು ಜನ ತಂಗಿಯರ ಹೆಸರು ಮೊದಲು ಬರುತ್ತವೆ. ಅವರೆಲ್ಲ ಮುಗಿಯುವ ಹೊತ್ತಿಗೆ ಸಹನಾ ಆಟಕ್ಕೆ ಓಡಿಹೋಗಿರುತ್ತಾಳೆ.

ಎಲ್ಲಕ್ಕಿಂತ ದೊಡ್ಡ ಫಜೀತಿ ಕೌದಿಯದು. ಹಳೆ ಸೀರೆಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುವುದು ನನ್ನ ಮತ್ತು ಪಕ್ಕದ ಮನೆಯ ಖಾಜಾಬಿಯ ಎಷ್ಟೋ ವರ್ಷಗಳ ಜೊತೆಕೆಲಸ. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ಒಣರೊಟ್ಟಿ ಇಟ್ಟು ಹೊಲಿಯುವುದು ನಮ್ಮವ್ವನಿಂದ ನನಗೆ ಬಂದ ಪದ್ಧತಿ. ಕೌದಿಯ ಹೊಟ್ಟೆ ಬರಿದಾಗಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎನ್ನುತ್ತಿದ್ದಳು ಅವಳು. ಹೋದ ಚಳಿಗಾಲಕ್ಕೆ ಮುಂಚೆ ಒಂದು ದಿನ ತೂಕಡಿಸುತ್ತ ಆ ಶಾಸ್ತ್ರ ಮುಗಿಸಿದೆ. ಆಮೇಲೆ ನೋಡಿದರೆ ರೊಟ್ಟಿ ಚೂರು ನನ್ನ ಮಡಿಲಲ್ಲೇ ಇದೆ, ಟ್ರಂಕಿನ ಕೀಲಿಕೈ ಮಾತ್ರ ಎಲ್ಲೂ ಇಲ್ಲ. ಮೂರು ದಿನ ಮನೆಮಂದಿಯೆಲ್ಲ ಹುಡುಕಿದಿರಿ. ಕೊನೆಗೆ ಆ ಕೌದಿ ಹೊದ್ದ ಸಮರ್ಥ, "ಅಜ್ಜಿ, ಇದರಾಗ ಏನೋ ಚುಚ್ಚತೈತಿ" ಎಂದು ಅಳತೊಡಗಿದ ಮೇಲೆ ಗೊತ್ತಾಯಿತು. ಖಾಜಾಬಿ ಹೊಲಿಗೆ ಬಿಚ್ಚುತ್ತ, "ಅಕ್ಕಾ, ರೊಟ್ಟಿ ಬದಲಿ ಕೀಲಿ ತಿನಿಸೀರಿ. ಪಾಪ, ಕೌದಿಗೆ ಅಜೀರ್ಣ ಆಗೇತಿ" ಎಂದಳು.

ನಿದ್ದೆ ಯಾಕೆ ಬರುತ್ತಿರಲಿಲ್ಲ ಎಂದು ಯಾರೂ ಕೇಳಲಿಲ್ಲ. ವಯಸ್ಸಾದವರಿಗೆ ನಿದ್ದೆ ಕಡಿಮೆ ಎಂದು ಎಲ್ಲರೂ ನನ್ನ ಪರವಾಗಿ ಉತ್ತರ ಕೊಟ್ಟುಕೊಂಡರು. ನಾನೂ ಒಪ್ಪಿಕೊಂಡೆ, ಒಪ್ಪಿಕೊಂಡರೆ ಮಾತಾಡುವುದು ಉಳಿಯುತ್ತದೆ. ನಿಜವಾದ ಕಾರಣ ಹೇಳಬೇಕಾದರೆ ನಿಮ್ಮಜ್ಜನಿಂದ ಶುರು ಮಾಡಬೇಕು.

ನಿಮ್ಮಜ್ಜನ ಗೊರಕೆ ಆನೆಗೊಂದಿಯಲ್ಲಿ ಹೆಸರಾಗಿತ್ತು. ಬೇಸಿಗೆಯ ಮಧ್ಯಾಹ್ನ ಸುತ್ತಲಿನ ಬಂಡೆಗುಡ್ಡಗಳು ಕಾದ ಹಂಚಿನಂತಾದಾಗ ಊರೆಲ್ಲ ಉಂಡು ಮಲಗುತ್ತದೆ. ಆಗ ಇವರ ಗೊರಕೆ ಪಡಸಾಲೆಯಿಂದ ಹೊರಟು ಬಾಳೆತೋಟ ದಾಟಿ ಹೊಳೆಯವರೆಗೆ ಹೋಗುತ್ತದೆ ಎಂದು ಓಣಿಯವರು ನಗುತ್ತಿದ್ದರು. ನನ್ನ ಅತ್ತೆಗೆ ಅದೊಂದು ಹೆಮ್ಮೆ. "ಚಿಂತಿ ಇಲ್ಲದಾವಗ ಸಂತ್ಯಾಗೂ ನಿದ್ದಿ ಅಂತಾರ. ನನ್ನ ಮಗ ಪುಣ್ಯವಂತ ಅದಾನ" ಎನ್ನುತ್ತಿದ್ದರು. ನಿಮ್ಮಜ್ಜ ಸಂತೆಯಲ್ಲೂ ಮಲಗುತ್ತಿದ್ದದ್ದು ನಿಜ. ಗಂಗಾವತಿ ಸಂತೆಯಲ್ಲಿ ಬಾಳೆಗೊನೆಗಳ ಪಕ್ಕ ಕೂತವರು ಕೂತಲ್ಲೇ ಕಣ್ಣು ಮುಚ್ಚುತ್ತಿದ್ದರು. ಕ್ಷೌರದ ಕುರ್ಚಿಯಲ್ಲಿ, ಮದುವೆಯ ಅಕ್ಷತೆಯ ಹೊತ್ತಿನಲ್ಲಿ, ಒಮ್ಮೆ ತಮ್ಮ ತಂಗಿಗೆ ವರ ನೋಡಲು ಹೋದ ಮನೆಯಲ್ಲೂ ಮಲಗಿಬಿಟ್ಟರು. ಬೀಗರು, "ಇಷ್ಟು ನಿಶ್ಚಿಂತಿ ಮಂದಿ ಸಿಗೂದು ಅಪರೂಪ" ಎಂದು ಅಲ್ಲೇ ಮಾತು ಮುಗಿಸಿದರು. ಆ ಸಂಬಂಧ ಕುದುರಿದ್ದು ನಿದ್ದೆಯಿಂದಲೇ ಎಂದು ನಿಮ್ಮಜ್ಜ ಕೊನೆಯವರೆಗೂ ಹೇಳುತ್ತಿದ್ದರು.

ಗಾದೆ ಕಟ್ಟಿದವರು ದೊಡ್ಡವರು, ಅವರನ್ನು ತಪ್ಪೆನ್ನಲಾರೆ. ಆದರೆ ಅವರು ಗೊರಕೆ ಹೊಡೆಯುವವರ ಪಕ್ಕದಲ್ಲಿ ಮಲಗಿದವರಲ್ಲ ಎಂದು ನನ್ನ ಅನುಮಾನ. ಪಕ್ಕದಲ್ಲಿದ್ದ ನನಗೆ ಮಾತ್ರ ಒಂದು ಸಂಗತಿ ಗೊತ್ತಿತ್ತು. ಆ ಗೊರಕೆ ಏರುತ್ತ ಏರುತ್ತ ಹೋಗಿ ತಟ್ಟನೆ ನಿಲ್ಲುತ್ತಿತ್ತು. ಗೊರಕೆಯಷ್ಟೇ ಅಲ್ಲ, ಉಸಿರೇ ನಿಲ್ಲುತ್ತಿತ್ತು. ನಾನೂ ಉಸಿರು ಹಿಡಿದು ಕಾಯುತ್ತಿದ್ದೆ. ಆಮೇಲೆ ನೀರಿನಲ್ಲಿ ಮುಳುಗಿದವರು ತಲೆ ಎತ್ತಿದಂತೆ ಒಂದು ದೊಡ್ಡ ಉಸಿರು ಎಳೆದುಕೊಂಡು ಮತ್ತೆ ಶುರು. ಅತ್ತೆಗೆ ಹೇಳಿದರೆ, "ನಿದ್ದಿ ಪೂರಾ ಹತ್ತಿದಾಗ ಹಂಗ ಆಗತೈತಿ. ಮಲಗಿದವರನ್ನ ಎಬ್ಬಿಸಬ್ಯಾಡ, ಆಯುಷ್ಯ ಕಡಿಮಿ ಆಗತೈತಿ" ಎಂದರು. ಎಬ್ಬಿಸಬೇಕೆಂದರೂ ಹೇಗೆ ಎಬ್ಬಿಸಲಿ? ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲ. ಬಹಳ ಹೆದರಿಕೆಯಾದ ದಿನ ಹಿತ್ತಾಳೆಯ ತಂಬಿಗೆಯನ್ನು ನೆಲಕ್ಕೆ ಬೀಳಿಸುತ್ತಿದ್ದೆ. ಆ ಸಪ್ಪಳಕ್ಕೆ ಅವರು ಮಗ್ಗುಲಾಗುತ್ತಿದ್ದರು, ಉಸಿರು ಸರಿಯಾಗುತ್ತಿತ್ತು. ನಮ್ಮ ಮನೆಯ ಆ ತಂಬಿಗೆಗೆ ಯಾಕಷ್ಟು ನೆಗ್ಗು ಎಂದು ಸಹನಾ ಕೇಳಿದ್ದಳಲ್ಲ, ಉತ್ತರ ಇದು.

ಒಂದು ವೈಶಾಖದ ಮಧ್ಯಾಹ್ನ ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಗೊರಕೆ ನಿಂತದ್ದು ಅಲ್ಲಿಗೂ ಕೇಳಿಸಿತು. ಕೈಯಲ್ಲಿದ್ದ ಸೀರೆ ಹಿಂಡಿ ಹೋಗೋಣ ಎಂದುಕೊಂಡೆ. ಹಿಂಡಿದೆ. ಒಳಗೆ ಹೋದಾಗ ಆ ನಿಲುಗಡೆ ಇನ್ನೂ ಮುಗಿದಿರಲಿಲ್ಲ, ಮುಗಿಯಲೂ ಇಲ್ಲ. ಊರಲ್ಲಿ ಎಲ್ಲರೂ ಸುಖದ ಸಾವು ಎಂದರು. ಡಾಕ್ಟರು ಹೃದಯ ಎಂದರು. ಗೊರಕೆಯಿಂದಲೇ ಆಯಿತೆಂದು ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆ ಸೀರೆ ಮಾತ್ರ ಮತ್ತೆ ಉಡಲಿಲ್ಲ. ಈಗ ಅದು ಖಾಜಾಬಿ ಹೊಲಿದ ಕೌದಿಯ ಒಳಪದರಿನಲ್ಲಿದೆ.

ಅದಾಗಿ ಹತ್ತು ವರ್ಷಕ್ಕೆ ನಿಮ್ಮಪ್ಪನ ಗೊರಕೆ ಶುರುವಾಯಿತು. ಅದೇ ಏರು, ಅದೇ ತಟ್ಟನೆ ನಿಲ್ಲುವುದು. ಅಂದಿನಿಂದ ನನ್ನ ನಿದ್ದೆ ಹೋಯಿತು. ಗೋಡೆಯ ಆಚೆ ಮಗನ ಉಸಿರು ನಿಂತರೆ ಈಚೆ ನಾನು ಕಾಯುತ್ತ ಮಲಗುತ್ತಿದ್ದೆ. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಮಗ ಸೊಸೆ ಮಲಗಿದ ಕೋಣೆಯ ಸಪ್ಪಳಕ್ಕೆ ಕಿವಿ ಕೊಡುತ್ತೇನೆಂದು ಯಾವ ಅತ್ತೆ ಹೇಳಿಕೊಂಡಾಳು?

ನಿಮ್ಮಪ್ಪನ ಕೆಲಸ ನಿಮಗೆ ಗೊತ್ತಲ್ಲ. ಸಾಣಾಪುರ, ಆನೆಗೊಂದಿಯ ಮಕ್ಕಳನ್ನು ಹತ್ತಿಸಿಕೊಂಡು ಗಂಗಾವತಿಯ ಶಾಲೆಗೆ ಹೋಗುವ ಹಳದಿ ಬಸ್ಸಿನ ಡ್ರೈವರ್. ಅವನಿಗೆ ಆ ಸ್ಟೇರಿಂಗ್ ಎಂದರೆ ಜೀವ. ಹಗಲೆಲ್ಲ ಆಕಳಿಸುತ್ತ, ಚಹಾದ ಮೇಲೆ ಚಹಾ ಕುಡಿಯುತ್ತ, ಮುಖಕ್ಕೆ ನೀರು ಚಿಮುಕಿಸಿಕೊಳ್ಳುತ್ತ ಅದನ್ನು ಓಡಿಸುತ್ತಿದ್ದ. ಸಂಜೆ ತಟ್ಟೆಯ ಮುಂದೆ ಕೂತವನು ತುತ್ತು ಬಾಯಿಗಿಡುವ ಮೊದಲೇ ತೂಕಡಿಸುತ್ತಿದ್ದ. ಓಣಿಯವರು ಮತ್ತೆ ಅದೇ ಗಾದೆ ತೆಗೆದರು. ಅಪ್ಪನಂತೆ ಮಗನೂ ಪುಣ್ಯವಂತ.

ಒಂದು ದಿನ ಬಸ್ಸು ಸಂಜೆ ತಡವಾಗಿ ಬಂತು. ಮುಂದಿನ ಗಾಲಿಯಲ್ಲಿ ಗದ್ದೆಯ ಕೆಸರು. ಎಮ್ಮೆ ಅಡ್ಡ ಬಂತು, ತಪ್ಪಿಸಲು ಹೋಗಿ ಬಸ್ಸು ಗದ್ದೆಯ ಬದುವಿಗೆ ಇಳಿಯಿತು ಎಂದ ನಿಮ್ಮಪ್ಪ. ಯಾರಿಗೂ ಏನೂ ಆಗಿರಲಿಲ್ಲ. ಅಂದು ಅದೇ ಬಸ್ಸಿನಲ್ಲಿ ಬಂದಿದ್ದ ಸಹನಾ ನನಗೆ ಸೂಜಿ ಪೋಣಿಸಿ ಕೊಡುತ್ತ, ಸಣ್ಣ ದನಿಯಲ್ಲಿ ಒಂದು ಮಾತು ಹೇಳಿದಳು. "ಅಜ್ಜಿ, ಎಮ್ಮಿ ಇರಲಿಲ್ಲ."

ಸೂಜಿ ಹಾಗೆಯೇ ಇಟ್ಟೆ. ಮತ್ತೊಂದು ಸೀರೆ ಹಿಂಡುತ್ತ ನಿಲ್ಲಬಾರದು ಎಂದು ಅನಿಸಿತು.

ನಾನೂ ನಿಮ್ಮವ್ವನೂ ನಿಮ್ಮಪ್ಪನಿಗೆ ಹೇಳಿ ನೋಡಿದೆವು. "ನಾ ಎಲ್ಲಿ ಗೊರಕಿ ಹೊಡಿತೀನಿ ಬೇ? ಒಂದ ಸಲನೂ ನನಗ ಕೇಳಿಸಿಲ್ಲ" ಎಂದ. ಈ ವಾದಕ್ಕೆ ಉತ್ತರ ಎಲ್ಲಿಂದ ತರೋಣ? ನಿಮ್ಮವ್ವ ಆ ಗೊರಕೆಯನ್ನು ಫೋನಿನಲ್ಲಿ ಹಿಡಿದಿಟ್ಟಳು. ಕೇಳಿದರೆ ಅದರಲ್ಲಿ ಕೂಲರಿನ ಗೊರಕೆ ಬಿಟ್ಟು ಬೇರೇನೂ ಇಲ್ಲ. ಕೂಲರ್ ಬಂದ್ ಮಾಡಿ ಹಿಡಿಯೋಣವೆಂದರೆ ಆ ಸೆಕೆಗೆ ಅವನು ಎದ್ದು ಕೂತುಬಿಡುತ್ತಿದ್ದ. ದವಾಖಾನೆಯ ಮಾತೆತ್ತಿದರೆ ಸಿಟ್ಟು. "ಸಾಲಿಯವರಿಗೆ ಗೊತ್ತಾದ್ರ ಸ್ಟೇರಿಂಗ್ ಕಸ್ಕೋತಾರ. ಆಮ್ಯಾಲೆ ನಾ ಏನ್ ಮಾಡ್ಲಿ?" ಅವನ ಹೆದರಿಕೆಯೂ ಸುಳ್ಳಲ್ಲ. ಆದರೆ ಆ ಬಸ್ಸಿನಲ್ಲಿ ಊರ ಮಕ್ಕಳಿದ್ದರು, ನೀವಿಬ್ಬರೂ ಇದ್ದಿರಿ.

ಆಗ ನಾನೊಂದು ಉಪಾಯ ಮಾಡಿದೆ. "ಮಂಜ್ಯಾ, ನನಗ ನಿದ್ದಿ ಬರವಲ್ದು. ಕೊಪ್ಪಳಕ್ಕ ಕರ್ಕೊಂಡು ಹೋಗಿ ತೋರಿಸಪ್ಪ" ಎಂದೆ. ಇದರಲ್ಲಿ ಸುಳ್ಳಿನ ಒಂದು ಎಳೆಯೂ ಇರಲಿಲ್ಲ. ಪಾಪ, ನಿಮ್ಮಪ್ಪ ಒಂದು ರಜೆ ಹಾಕಿ ಕರೆದುಕೊಂಡು ಹೋದ. ಗಂಗಾವತಿಯಿಂದ ಕೊಪ್ಪಳದವರೆಗೆ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಮಾಡಿದ. ನಿದ್ದೆ ಬಾರದವಳನ್ನು ತೋರಿಸಲು ಹೊರಟವನು ಅವನು!

ದವಾಖಾನೆಯಲ್ಲಿ ಡಾಕ್ಟರರ ಕೋಣೆಗೆ ಬಾಗಿಲ ಬದಲು ಒಂದು ಪರದೆ. ಅದರಾಚೆ ಪಾಳಿಗೆ ಕೂತವರು ನಡುನಡುವೆ ಇಣುಕುತ್ತಿದ್ದರು. ಡಾಕ್ಟರು ವಯಸ್ಸಿನಲ್ಲಿ ನಿಮ್ಮಪ್ಪನಿಗಿಂತ ಸಣ್ಣವರು.

"ಏನಾಗತೈತ್ರಿ ಅಮ್ಮಾ?"

"ನಿದ್ದಿ ಬರೂದಿಲ್ರಿ."

"ಯಾಕ್ರಿ? ಏನರ ಚಿಂತಿ?"

ಸೆರಗು ಬಾಯಿಗೆ ಹಿಡಿದು ನೆಲ ನೋಡುತ್ತ ಹೇಳಿದೆ. "ಮಗನ ಉಸರು ನಿಲ್ಲತೈತ್ರಿ. ಅದು ತಿರುಗಿ ಬರೂದನ್ನ ಕಾಯ್ಕೋತ ಮಲಗ್ತೀನ್ರಿ."

"ಯವ್ವಾ!" ಎಂದ ನಿಮ್ಮಪ್ಪ. ಡಾಕ್ಟರರ ಕಡೆ ತಿರುಗಿ, "ಹಂಗೇನಿಲ್ರಿ ಸರ. ವಯಸ್ಸಾಗೇತಿ, ಏನೇನೋ ಅನಿಸ್ತೈತಿ ಆಕಿಗೆ. ನಾ ಗೊರಕೀನ ಹೊಡಿಯಂಗಿಲ್ಲ" ಎಂದ.

ಡಾಕ್ಟರು ನನ್ನನ್ನೇ ನೋಡಿದರು. "ಹೆಂಗ ಹೊಡಿತಾರ್ರಿ? ಹೇಳಾಕ ಬರ್ತೈತೇನು?"

ಹೇಳಲು ನನಗೆ ಮಾತು ಸಾಲಲಿಲ್ಲ ಮಕ್ಕಳೇ. ಏಳನೆಯ ತರಗತಿಯ ಕನ್ನಡದಲ್ಲಿ ಆ ಸಪ್ಪಳಕ್ಕೆ ಶಬ್ದವಿಲ್ಲ. ಆದ್ದರಿಂದ ಸೆರಗು ಬಿಟ್ಟೆ, ಕಣ್ಣು ಮುಚ್ಚಿದೆ, ಬಾಯಿ ತೆರೆದು ಶುರು ಮಾಡಿದೆ. ಗಂಡನದು ಇಪ್ಪತ್ತಾರು ವರ್ಷ, ಮಗನದು ಅದರ ಮೇಲೆ, ಕೇಳಿ ಕೇಳಿ ಬಾಯಿಪಾಠವಾದ ವಿದ್ಯೆ. ಮೊದಲು ಸಣ್ಣಗೆ, ಆಮೇಲೆ ಏರು, ಮತ್ತೂ ಏರು. ಪರದೆಯ ಆಚೆ ಯಾರೋ ಕಿಸಕ್ಕೆಂದರು. ಪರದೆ ಸರಿಯಿತು. ನಗು ಹೆಚ್ಚಾಯಿತು. ನಾನು ನಿಲ್ಲಿಸಲಿಲ್ಲ. ಏರಿ ಏರಿ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಲ್ಲಿಸಿದೆ, ಉಸಿರು ಸಮೇತ. ಅವನು ಎಷ್ಟು ಹೊತ್ತು ಹಿಡಿಯುತ್ತಾನೋ ಅಷ್ಟು ಹೊತ್ತು ಹಿಡಿದೆ.

ಮೊದಲು ನಗು ನಿಂತಿತು. ಆಮೇಲೆ ಮಾತು ನಿಂತಿತು. ಡಾಕ್ಟರು ಕುರ್ಚಿ ಸರಿಸಿ ಎದ್ದ ಸಪ್ಪಳ ಕೇಳಿಸಿತು. ಪರದೆಯ ಬಳಿ ನಿಂತ ಯಾರೋ ಮುದುಕ ತಡೆಯಲಾರದೆ ಕೂಗಿದ, "ಏ ಯವ್ವಾ, ಉಸರು ಬಿಡಬೇ!"

ಆಗ ಆ ದೊಡ್ಡ ಉಸಿರು ಎಳೆದುಕೊಂಡೆ. ಕಣ್ಣು ತೆರೆದರೆ ನಿಮ್ಮಪ್ಪನ ಕೈ ನನ್ನ ಭುಜದ ಮೇಲಿತ್ತು.

ಡಾಕ್ಟರು ಕೂತರು. "ಅವರು ಉಸರು ಹಿಡಿದಾಗ ನಿಮಗ ಹೆಂಗ ಅನಿಸ್ತ್ರಿ?" ಎಂದು ನಿಮ್ಮಪ್ಪನನ್ನು ಕೇಳಿದರು. ಅವನು ನನ್ನ ಭುಜವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ನಿಮ್ಮವ್ವಗ ದಿನಾ ಹಂಗ ಅನಿಸ್ತೈತಿ ನೋಡ್ರಿ" ಎಂದರು.

ಆಮೇಲೆ ಬಿಡಿಸಿ ಹೇಳಿದರು. ಮಲಗಿದಾಗ ಕೆಲವರ ಗಂಟಲಿನ ದಾರಿ ಮುಚ್ಚಿಕೊಳ್ಳುತ್ತದಂತೆ. ಉಸಿರು ನಿಂತ ಕೂಡಲೇ ಮಿದುಳು ಒಳಗಿನಿಂದಲೇ ಎಬ್ಬಿಸುತ್ತದೆ, ಮಲಗಿದವನಿಗೆ ಅದು ಗೊತ್ತಾಗುವುದಿಲ್ಲ. ರಾತ್ರಿಯೆಲ್ಲ ಹೀಗೆ ಎದ್ದು ಎದ್ದು, ಮಲಗಿಯೂ ಮಲಗದವನಾಗಿ ಹಗಲು ತೂಕಡಿಸುತ್ತಾನೆ. ನಾನು ಶಾಲೆಗೆ ಹೋಗಿಯೂ ಗೈರುಹಾಜರಿ ಬೀಳುತ್ತಿದ್ದೆನಲ್ಲ, ಹಾಗೆ ಎಂದುಕೊಂಡೆ. ದವಾಖಾನೆಯಲ್ಲಿ ಒಂದು ರಾತ್ರಿ ಮೈಗೆಲ್ಲ ವೈರು ಹಚ್ಚಿ ಮಲಗಿಸಿ ನೋಡಬೇಕು, ಅಲ್ಲಿಯವರೆಗೆ ಬಸ್ಸು ಓಡಿಸಬಾರದು ಎಂದರು. ನನಗೆ ಹೇಳಿದ್ದು ಇಷ್ಟೇ. "ಅಮ್ಮಾ, ಸಂಜಿ ಮುಂದ ಚಾ ಬಿಡ್ರಿ. ನಿಮ್ಮ ಔಷಧ ನಿಮ್ಮ ಮಗಗ ಕೊಡ್ತೀನಿ."

ತಿರುಗಿ ಬರುವಾಗ ನಿಮ್ಮಪ್ಪ ಬಸ್ಸಿನಲ್ಲಿ ನಿದ್ದೆ ಮಾಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, "ಸ್ಟೇರಿಂಗ್ ಹೋತು, ಯವ್ವಾ" ಎಂದ. ಅಷ್ಟೇ. ಆಮೇಲೆ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಬಡಿಸಿದ್ದನ್ನು ಉಂಡ, ಇನ್ನೂ ಸ್ವಲ್ಪ ಹಾಕಲೇ ಎಂದರೆ ತಲೆ ಅಲ್ಲಾಡಿಸಿದ. ಆ ನಾಲ್ಕು ದಿನ ನನಗೆ ಅನಿಸಿದ್ದನ್ನು ಬರೆಯುವುದಿಲ್ಲ. ಬಾಯಿ ಬಿಡದೆ ಬಾಳಿದವಳು ಒಮ್ಮೆ ಬಿಟ್ಟಳು, ಅದೂ ಮಗನ ಅನ್ನದ ಮೇಲೆ ಬಿತ್ತಲ್ಲ ಎಂದು ಖಾಜಾಬಿಯ ಮುಂದೆ ಅತ್ತೆ. ಅವಳು ದಾರ ಕಚ್ಚಿ ಹರಿದು, "ಅಕ್ಕಾ, ಸಿಟ್ಟು ಮಾಡಾಕರ ಮಗ ಅದಾನಲ್ರಿ" ಎಂದಳು. ಅದಕ್ಕಿಂತ ದೊಡ್ಡ ಸಮಾಧಾನ ಯಾರು ಹೇಳಿಯಾರು?

ಐದನೆಯ ದಿನ ನಿಮ್ಮಪ್ಪ ತಾನಾಗಿಯೇ ಶಾಲೆಗೆ ಹೋಗಿ ಇದ್ದದ್ದು ಹೇಳಿದ. ಎಮ್ಮೆ ಇರಲಿಲ್ಲ ಎಂಬುದನ್ನೂ ಹೇಳಿದನಂತೆ. ಅಲ್ಲಿಯ ಹೆಡ್‌ಮಾಸ್ತರರು ಬೈದರು, ಆದರೆ ಕೈಬಿಡಲಿಲ್ಲ. ಪರೀಕ್ಷೆ ಮುಗಿದು ಡಾಕ್ಟರು ಕಾಗದ ಕೊಡುವವರೆಗೆ ಬಸ್ಸಿನ ಸ್ಟೇರಿಂಗ್ ಬೇರೆಯವರಿಗೆ, ಬಸ್ಸು ತೊಳೆಯುವುದು, ಗಿಡಕ್ಕೆ ನೀರು ಬಿಡುವುದು ಇವನಿಗೆ. ತನ್ನ ಬಸ್ಸು ಬೇರೆಯವರ ಕೈಯಲ್ಲಿ ಓಡುವುದನ್ನು ನೋಡುತ್ತ ಎರಡು ತಿಂಗಳು ಗಿಡಕ್ಕೆ ನೀರು ಬಿಟ್ಟ. ಆ ವರ್ಷ ಶಾಲೆಯ ದಾಸವಾಳ ಹಿಂದೆಂದೂ ಬಿಟ್ಟಿರದಷ್ಟು ಹೂ ಬಿಟ್ಟಿತು.

ಪರೀಕ್ಷೆಯಾಯಿತು, ಮಲಗಿದಾಗ ಗಂಟಲು ಮುಚ್ಚದಂತೆ ಗಾಳಿ ಊದುವ ಯಂತ್ರ ಬಂತು. ಮೂಗಿಗೆ ಮುಖವಾಡ, ಅದಕ್ಕೊಂದು ಉದ್ದ ಕೊಳವೆ. ಮೊದಲ ದಿನ ಸಮರ್ಥ ಅದನ್ನು ನೋಡಿ ಕೈಮುಗಿದು, "ಗಣಪತಿ ಬಪ್ಪಾ" ಎಂದು ಕೂಗಿದ್ದು ನೆನಪಿದೆಯೇ? ನಿಮ್ಮಪ್ಪ ಮುಖವಾಡದೊಳಗಿಂದಲೇ ನಕ್ಕ. ಗೊರಕೆ ಒಂದೇ ಸಲಕ್ಕೆ ನಿಂತಿತು. ಅದು ನಿಂತದ್ದಕ್ಕೆ ನನ್ನ ಉಳಿದ ನಿದ್ದೆಯೂ ಹೋಯಿತು. ಸಪ್ಪಳವಿಲ್ಲ ಎಂದರೆ ಉಸಿರಿಲ್ಲ ಎಂದೇ ಕಲಿತ ಕಿವಿ ನನ್ನದು.

ವಾರ ಕಳೆಯುವುದರೊಳಗೆ ನಿಮ್ಮಪ್ಪ ಬೇರೆ ಮನುಷ್ಯನಾದ. ಆನೆಗೊಂದಿಯ ದಾರಿಯಲ್ಲಿ ನಡೆಯುತ್ತ, "ಯವ್ವಾ, ಈ ದಾರ್ಯಾಗ ಇಷ್ಟು ಬೇವಿನ ಗಿಡ ಯಾವಾಗ ಬಂದ್ವು?" ಎಂದ. ಅವನು ಹುಟ್ಟುವ ಮೊದಲಿನ ಗಿಡಗಳು ಅವು. ನಮ್ಮ ಕಿಷ್ಕಿಂಧೆಯ ಸುಗ್ರೀವನೂ ಹಾಗೆಯೇ ಅಲ್ಲವೇ? ಕೊಟ್ಟ ಮಾತು ಮರೆತು ಮಳೆಗಾಲವೆಲ್ಲ ಮಂಪರಿನಲ್ಲಿ ಕಳೆದ, ಲಕ್ಷ್ಮಣ ಸಿಟ್ಟಿನಿಂದ ಬಂದು ಬಾಗಿಲಲ್ಲಿ ನಿಂತ ಮೇಲೆ ಎಚ್ಚರಾದ. ನಾವು ಅವನನ್ನು ಎಷ್ಟು ಬೈದಿದ್ದೇವೆ. ಅವನ ಗಂಟಲನ್ನೂ ಯಾರಾದರೂ ಪರೀಕ್ಷೆ ಮಾಡಬೇಕಿತ್ತೋ ಏನೋ. ನಿಮ್ಮವ್ವನದು ಮಾತ್ರ ಒಂದು ತಕರಾರು. "ಅತ್ತಿ, ಮೊದಲ ನಿದ್ದಿಗಣ್ಣಾಗ ಏನ್ ಹಾಕಿದ್ರೂ ಉಣ್ತಿದ್ರು. ಈಗ ಉಪ್ಪು ಹೆಚ್ಚು, ಖಾರ ಕಡಿಮಿ ಅಂತ ಎಲ್ಲಾ ಗೊತ್ತಾಗಾಕತ್ತೈತ್ರಿ" ಎನ್ನುತ್ತಾಳೆ. ಉಪ್ಪು ಹಾಕಿದವಳು ನಾನು.

ದಸರಾ ರಜೆ ಮುಗಿದ ದಿನ ಅವನಿಗೆ ಸ್ಟೇರಿಂಗ್ ತಿರುಗಿ ಸಿಕ್ಕಿತು. ಅಂದು ನಾನೂ ಬಸ್ಸು ಹತ್ತಿದೆ. ಖಾಜಾಬಿಗೆ ದಾರದ ಉಂಡೆ ತರಬೇಕೆಂದು ನೆಪ ಹೇಳಿದೆ. ನಿಜ ಹೇಳುತ್ತೇನೆ, ಅವನ ಹಿಂದಿನ ಸೀಟಿನಲ್ಲಿ ಕೂತು ಕನ್ನಡಿಯಲ್ಲಿ ಅವನ ಕಣ್ಣು ನೋಡುತ್ತ ಹೋಗಬೇಕೆಂದಿದ್ದೆ. ಕಣ್ಣು ಮುಚ್ಚಿದರೆ ಬೀಳಿಸಲು ಚೀಲದಲ್ಲಿ ಆ ನೆಗ್ಗಿದ ತಂಬಿಗೆಯನ್ನೂ ಇಟ್ಟುಕೊಂಡಿದ್ದೆ.

ಸಾಣಾಪುರದ ಮಕ್ಕಳು ಹತ್ತಿದ್ದು ಗೊತ್ತು. ಕನ್ನಡಿಯಲ್ಲಿ ಅವನ ಕಣ್ಣು ತೊಳೆದ ಹಾಗೆ ನಿಚ್ಚಳವಾಗಿದ್ದವು. ಗದ್ದೆಯ ಗಾಳಿ ಬೀಸಿತು, ಬಸ್ಸು ತೊಟ್ಟಿಲಿನಂತೆ ತೂಗಿತು. ಆಮೇಲೆ ನನಗೆ ಗೊತ್ತಾದದ್ದು ಗಂಗಾವತಿಯೇ. ಯಾರೋ ನನ್ನ ಮೊಣಕೈ ಅಲ್ಲಾಡಿಸುತ್ತಿದ್ದರು, ಇಡೀ ಬಸ್ಸು ನಗುತ್ತಿತ್ತು, ನಿಮ್ಮಪ್ಪ ಹಿಂದೆ ತಿರುಗಿ ಕೇಳುತ್ತಿದ್ದ, "ಯವ್ವಾ, ತಂಬಿಗಿ ನಾ ಬೀಳಿಸ್ಲೇನು?" ಚೀಲದಲ್ಲಿ ಇಣುಕಿ ಹೇಳಿಕೊಟ್ಟದ್ದು ನಿಮ್ಮಲ್ಲಿ ಯಾರು ಎಂದು ನಾನಿನ್ನೂ ಕಂಡುಹಿಡಿಯಬೇಕಿದೆ.

ಅಂದು ನಾನು ಗೊರಕೆ ಹೊಡೆದೆ ಎನ್ನುತ್ತೀರಿ ನೀವು. ಸಾಧ್ಯವೇ ಇಲ್ಲ, ನನಗೆ ಕೇಳಿಸಿಲ್ಲ. ಹೀಗೆ ಬರೆದ ಮೇಲೆ ನನಗೇ ನಗು ಬಂತು. ನಿಮ್ಮಜ್ಜ ಹೇಳಿದ್ದೂ ಇದನ್ನೇ, ನಿಮ್ಮಪ್ಪ ಹೇಳಿದ್ದೂ ಇದನ್ನೇ. ದೇವರು ಕಿವಿಯನ್ನು ಬಾಯಿಗೆ ಇಷ್ಟು ಹತ್ತಿರ ಇಟ್ಟೂ ತನ್ನ ಗೊರಕೆ ತನಗೆ ಕೇಳಿಸದಂತೆ ಮಾಡಿದ್ದಾನೆ. ಪಕ್ಕದಲ್ಲಿ ಇನ್ನೊಬ್ಬರು ಬೇಕು ಎಂದೇ ಇರಬೇಕು.

ಇದು ನಮ್ಮ ವಂಶದಲ್ಲಿ ಇಳಿದು ಬರುವ ಆಸ್ತಿ. ಮುಂದೊಂದು ದಿನ ನಿಮ್ಮನ್ನೂ ಯಾರಾದರೂ ಗೊರಕೆ ಹೊಡೆಯುತ್ತೀರಿ ಎನ್ನುತ್ತಾರೆ, ನೀವೂ ಇಲ್ಲವೆನ್ನುತ್ತೀರಿ. ಅಂದು ಇದನ್ನು ಓದಿಕೊಳ್ಳಿ. ನಿಮ್ಮಪ್ಪನ ಯಂತ್ರ ಹಾಸಿಗೆಯ ಪಕ್ಕದಲ್ಲಿರುವುದರಿಂದ ಅದರ ಪೆಟ್ಟಿಗೆ ಟ್ರಂಕಿನ ಮೇಲೆ ಬರಿಹೊಟ್ಟೆಯಲ್ಲಿ ಕೂತಿದೆ. ಕೌದಿಯ ಹಾಗೆ ಅದೂ ಹಸಿದಿರಬಾರದು. ಈ ಹಾಳೆಗಳನ್ನು ಮಡಿಚಿ ಅದರೊಳಗೆ ಇಟ್ಟು, ಜಿರಳೆ ತಿನ್ನದಂತೆ ಜೋಪಾನ ಮಾಡಿ. ಒಂದು ಚೂರು ರೊಟ್ಟಿ ನಾನೇ ಇಟ್ಟಿದ್ದೇನೆ. ಈ ಸಲ ನೋಡಿಯೇ ಇಟ್ಟಿದ್ದೇನೆ, ಕೀಲಿಕೈ ನನ್ನ ಸೊಂಟದಲ್ಲೇ ಇದೆ.